ಒಂಬತ್ತು ಇಂಚು

"ಎಡಗಾಲು ಮೊದಲು ಇಡಿ ಅತ್ತೆ, ಎಡಗಾಲು," ಎಂದು ನರ್ಮದಾ ಹೇಳುತ್ತಲೇ ಇದ್ದಳು. ಶಕುಂತಲಮ್ಮನವರು ಬಲಗಾಲನ್ನೇ ಎತ್ತಿ ಗಾಳಿಯಲ್ಲಿ ಹಿಡಿದು ನಿಂತಿದ್ದರು. ಅಂಗಳದಲ್ಲಿ ಬೆಂಚು, ಬೆಂಚಿನ ಮೇಲೆ ಮಣೆ, ಮಣೆಯ ಮೇಲೆ ಅತ್ತೆ. ಇಷ್ಟಾದರೂ ಜೀಪಿನ ನೆಲ ಅವರ ಪಾದಕ್ಕಿಂತ ಇನ್ನೂ ಒಂದು ಗೇಣು ಮೇಲಿತ್ತು. ಹಿಂದೆ ಮಗ ನಾಗೇಶ್ವರ ಎರಡೂ ಕೈ ಚಾಚಿಕೊಂಡು, ಮುಟ್ಟಿದರೆ ಬೈಗುಳ, ಮುಟ್ಟದಿದ್ದರೆ ಅಪಾಯ ಎಂಬ ಸ್ಥಿತಿಯಲ್ಲಿ ನಿಂತಿದ್ದ.

ಮಣೆ ಸ್ವಲ್ಪ ಅಲುಗಿತು. ಶಕುಂತಲಮ್ಮನವರು ಬೆಂಚಿನ ಮೇಲೆ ಧೊಪ್ಪನೆ ಕೂತುಬಿಟ್ಟರು.

"ನನ್ನನ್ನೇನು ಮರದ ದಿಮ್ಮಿ ಅಂದುಕೊಂಡಿದ್ದೀರಾ, ಎತ್ತಿ ಒಳಗೆ ಹಾಕೋದಕ್ಕೆ? ಮಡಿಕೇರಿಯ ಪಂಡಿತರೂ ಬೇಡ, ಎಣ್ಣೆಯೂ ಬೇಡ. ಮೊಣಕಾಲು ಇದ್ದ ಹಾಗೆ ಇರಲಿ."

ಅವರು ದಿಮ್ಮಿ ಎಂದದ್ದರಲ್ಲಿ ತಪ್ಪಿರಲಿಲ್ಲ. ಆ ಜೀಪು ಹುಟ್ಟಿದ್ದು ಯುದ್ಧಕ್ಕೆ, ಬೆಳೆದದ್ದು ಮರ ಕಡಿಯುವ ಕೂಪಿನಲ್ಲಿ. ಅಮೆರಿಕದವರ ಗಾಡಿಯಾದ್ದರಿಂದ ಸ್ಟೀರಿಂಗು ಎಡಗಡೆಗಿತ್ತು. ಮಿಲಿಟರಿಯವರು ಹರಾಜು ಹಾಕಿದಾಗ ಒಬ್ಬ ಮರದ ಕಂಟ್ರಾಕ್ಟರ್ ಅದನ್ನು ಕೊಂಡು, ಕಾಡಿನ ಹಳ್ಳಗಳನ್ನು ದಾಟಲೆಂದು ಕಮಾನುಪಟ್ಟಿಗಳ ಮೇಲೆ ಹೆಬ್ಬಲಸಿನ ದಿಮ್ಮಿ ಕೊಟ್ಟು, ದೊಡ್ಡ ಗಾಲಿ ತೊಡಿಸಿ, ಹುಲಿವೇಷದವನನ್ನು ಮರಗಾಲಿನ ಮೇಲೆ ನಿಲ್ಲಿಸಿದ ಹಾಗೆ ನಿಲ್ಲಿಸಿದ್ದ. ಅವನ ವ್ಯಾಪಾರ ಮುಗಿದಾಗ ಮೂರ್ನಾಡಿನ ಶಾಲೆಯ ಮೇಷ್ಟರಾದ ನಾಗೇಶ್ವರ ಅದನ್ನು ಮನೆಗೆ ತಂದ. ಮನೆಗೂ ರಸ್ತೆಗೂ ನಡುವೆ ಒಂದು ಹಳ್ಳವಿತ್ತು, ಆದ್ದರಿಂದ ಎತ್ತರ ಆಗ ಬೇಕಾಗಿತ್ತು. ಈಗ ಮಡಿಕೇರಿಯಲ್ಲಿ ಕೊಡಗಿನದೇ ಮಂತ್ರಿಗಳ ಸರ್ಕಾರ ಬಂದು ಎರಡು ವರ್ಷವಾಗಿ, ಹಳ್ಳಕ್ಕೆ ಮೋರಿಯೂ ಬಂದಿತ್ತು. ನೀರು ಕೆಳಗೆ ಹೋಗುತ್ತಿತ್ತು, ಜೀಪು ಮಾತ್ರ ಸುಮ್ಮನೆ ಎತ್ತರದಲ್ಲಿತ್ತು.

"ನಾಳೆಯೇ ಪುಟ್ಟರಾಜುವಿನ ಶೆಡ್ಡಿಗೆ ಬಿಡುತ್ತೇನೆ," ಎಂದ ನಾಗೇಶ್ವರ. "ತಿರುವಿನಲ್ಲಿ ಹೇಗೂ ಓಲಾಡುತ್ತದೆ. ಇಳಿಸಿಬಿಟ್ಟರೆ ಅಮ್ಮನಿಗೂ ಆಯಿತು, ನಿನಗೂ ಸೀರೆ ಎತ್ತಿ ಹತ್ತುವ ಕಷ್ಟ ತಪ್ಪಿತು."

 ಬೇಡವೆನ್ನಲು ನರ್ಮದಾಳ ಹತ್ತಿರ ಹೇಳಿಕೊಳ್ಳುವಂಥ ಒಂದು ಕಾರಣವೂ ಇರಲಿಲ್ಲ.

ಹೇಳಿಕೊಳ್ಳಲಾಗದ ಕಾರಣ ಮೂರ್ನಾಡಿನ ದಾರಿಯಲ್ಲಿತ್ತು. ಒಂದು ಉದ್ದದ ಮಣ್ಣಿನ ಗೋಡೆ, ಅದರ ತಲೆಗೆ ಹೆಂಚಿನ ಸಾಲು. ಗೋಡೆಯ ಆಚೆ ಅವಳ ತಂಗಿ ಕಾತ್ಯಾಯನಿಯ ಮನೆ. ಅಕ್ಕತಂಗಿಯರನ್ನು ಒಂದೇ ಚಪ್ಪರದಲ್ಲಿ ಇಬ್ಬರು ದಾಯಾದಿ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಮಾರನೆಯ ವರ್ಷವೇ ದೇವಸ್ಥಾನದ ಪೂಜೆಯ ಸರದಿ ಯಾರದೆಂದು ಎರಡು ಮನೆಗಳಿಗೂ ಜಗಳ ಹತ್ತಿ ಮಾತು ನಿಂತಿತು. ಶಕುಂತಲಮ್ಮನವರು ಅಂದು ತುಳಸಿಕಟ್ಟೆಯ ಮುಂದೆ ನಿಂತು, ಆ ಹೊಸ್ತಿಲು ತುಳಿದವರು ಈ ಹೊಸ್ತಿಲು ತುಳಿಯಬಾರದು ಎಂದಿದ್ದರು. ಆದರೆ ಸೂತಕಕ್ಕೆ ಜಗಳ ಗೊತ್ತೇ? ದೊಡ್ಡಜ್ಜ ತೀರಿಕೊಂಡಾಗ ಎರಡೂ ಮನೆಯವರು ಮೂರು ಮೈಲಿ ದೂರದಲ್ಲಿ ಕೂತು, ಮುಖ ನೋಡದೆ, ಒಟ್ಟಿಗೇ ಹತ್ತು ದಿನ ಮೈಲಿಗೆ ಆಚರಿಸಿದ್ದರು. ತವರಲ್ಲಿ ಭೇಟಿಯಾಗೋಣವೆಂದರೆ ಅಲ್ಲಿ ಕರೆಯಲು ತಾಯಿ ಉಳಿದಿರಲಿಲ್ಲ.

ಮೂರು ವರ್ಷ ನರ್ಮದಾ ಆ ದಾರಿಯಲ್ಲಿ ನಡೆದು ಹೋಗುವಾಗ ಹೆಂಚುಗಳನ್ನು ಎಣಿಸಿದ್ದೇ ಬಂತು. ಜೀಪು ಬಂದ ಮೊದಲ ವಾರ, ಸಂತೆಗೆ ಹೊರಟಾಗ, ಅವಳು ಎಂದೂ ಕಾಣದ ಲೋಕ ಕಂಡಿತು. ಲಂಟಾನ ಬೇಲಿ ಸೊಂಟದ ಕೆಳಗೆ ಸರಿಯುತ್ತಿತ್ತು. ಕಿತ್ತಳೆ ಮರಗಳ ನೆತ್ತಿ ಕೈಗೆ ಸಿಗುವಂತಿತ್ತು. ಗಾಡಿ ನೆಲದ ಮೇಲೆ ಹೋಗುತ್ತಿದೆ ಅನ್ನಿಸದೆ, ಮಂಜಿನಲ್ಲಿ ತಾನೊಬ್ಬಳೇ ತೇಲಿಕೊಂಡು ಹೋಗುತ್ತಿದ್ದೇನೆ ಅನ್ನಿಸಿ, ಅವಳು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆಗ ಗೋಡೆ ಬಂತು. ಹೆಂಚಿನ ಸಾಲು ಅವಳ ಗಲ್ಲದ ಕೆಳಗೇ ಹಾದುಹೋಯಿತು. ಆಚೆ ಬಾವಿಕಟ್ಟೆಯಲ್ಲಿ ಕಾತ್ಯಾಯನಿ ಹಗ್ಗ ಹಿಡಿದು ತಲೆಯೆತ್ತಿ ನೋಡುತ್ತಿದ್ದಳು.

ಅಂದಿನಿಂದ ಜೀಪಿನ ಸದ್ದು ಕೇಳಿದರೆ ಕಾತ್ಯಾಯನಿಗೆ ಬಾವಿಯಲ್ಲಿ ಕೆಲಸ ಬೀಳುತ್ತಿತ್ತು. ಹತ್ತು ಎಣಿಸುವಷ್ಟು ಹೊತ್ತು. ಮಾತಿಲ್ಲ. ಒಮ್ಮೆ ಹೊಸ ಕೊಡ ಎತ್ತಿ ತೋರಿಸಿದಳು. ಒಮ್ಮೆ ಮುಡಿದ ಸಂಪಿಗೆ ತೋರಿಸಿದಳು. ದೀಪಾವಳಿ ಕಳೆದ ವಾರ ಏನನ್ನೂ ಎತ್ತದೆ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ನರ್ಮದಾ ಆ ದಿನ ಸಂತೆಯಲ್ಲಿ ಏನು ಕೊಂಡಳೋ ಅವಳಿಗೇ ನೆನಪಿಲ್ಲ. ವಾರ ವಾರವೂ ಆ ಹೊಟ್ಟೆ ಬೆಳೆಯುವುದನ್ನು ಗೋಡೆಯ ಮೇಲಿನಿಂದ ಕಂಡು, ಬೆರಳಲ್ಲಿ ತಿಂಗಳು ಮಡಚುತ್ತ ಬಂದಿದ್ದಳು. ತಾಯಿಯಿಲ್ಲದ ಹುಡುಗಿ, ಚೊಚ್ಚಲು. ಬಾಣಂತನಕ್ಕೆ ಅಕ್ಕ ಇದ್ದೂ ಇಲ್ಲ.

ಗಂಡನಿಗೆ ಇದು ಗೊತ್ತಿತ್ತೋ ಇಲ್ಲವೋ. ಆ ಗೋಡೆಯ ಹತ್ತಿರ ಬಂದಾಗಲೆಲ್ಲ ನಾಗೇಶ್ವರ ಮುಂದಿನ ರಸ್ತೆಯನ್ನೇ ನೋಡುತ್ತ ಗೇರು ಇಳಿಸುತ್ತಿದ್ದ. ಅಲ್ಲಿ ಏರುದಾರಿಯೇನೂ ಇರಲಿಲ್ಲ. ಅವಳೂ ಕೇಳಿರಲಿಲ್ಲ.

ಮಾರನೆಯ ದಿನ ಅಂಗಡಿಯ ಕೆಲಸವಿದೆ ಎಂದು ಅವಳೂ ಜೊತೆಗೆ ಹೊರಟಳು. ಕಾಫಿ ಹೂ ಬಿಟ್ಟಿತ್ತು. ಇಳಿಜಾರಿನ ಉದ್ದಕ್ಕೂ ಯಾರೋ ಗಿಡಗಳ ಮೇಲೆ ಅವಲಕ್ಕಿ ಚೆಲ್ಲಿದ ಹಾಗೆ ಬಿಳಿ, ತಲೆ ಭಾರವಾಗುವಷ್ಟು ಪರಿಮಳ. ಗೋಡೆ ಬಂದಾಗ ಕಾತ್ಯಾಯನಿ ಬಾವಿಯ ಕಂಬಕ್ಕೆ ಒರಗಿ ನಿಂತಿದ್ದಳು. ಇದು ಕೊನೆಯ ಸಲವಿರಬಹುದು ಎಂದು ಹೇಗೆ ತಿಳಿಸುವುದು? ನರ್ಮದಾ ಕೈ ಎತ್ತುವಷ್ಟರಲ್ಲಿ ಹತ್ತು ಮುಗಿದಿತ್ತು.

ಪುಟ್ಟರಾಜು ಶಿರಂಗಾಲದವನು. ಅವನ ಅಪ್ಪ ಹಾಸನದ ಕಡೆಯಿಂದ ಬಂದು ಅಲ್ಲಿ ಹೊಲ ಮಾಡಿದ್ದ. ಪುಟ್ಟರಾಜು ನೇಗಿಲು ಬಿಟ್ಟು ಯುದ್ಧಕಾಲದಲ್ಲಿ ಮಿಲಿಟರಿ ವರ್ಕ್‌ಶಾಪು ಸೇರಿ, ಈಗ ಮೂರ್ನಾಡಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ. ಜೀಪಿನ ಕೆಳಗೆ ಹೋಗಿ, ತಟ್ಟಿ ನೋಡಿ, ಬೆನ್ನು ಒರೆಸಿಕೊಳ್ಳುತ್ತ ಹೊರಬಂದ.

"ಮೇಷ್ಟ್ರೇ, ಈ ದಿಮ್ಮಿ ಎಲ್ಲ ಕಿತ್ತಾಕಿ, ಗಾಲಿ ಬದಲಾಯಿಸಿದ್ರೆ ಒಂಬತ್ತು ಇಂಚು ಇಳೀತದೆ. ಹತ್ತಾಕೆ ಒಂದು ಮೆಟ್ಲು, ಹಿಡ್ಕಳಾಕೆ ಒಂದು ಕಂಬಿ. ದೊಡ್ಡಮ್ನೋರು ಆರಾಮಾಗಿ ಹತ್ತಬೌದು."

ನಾಗೇಶ್ವರನಿಗೆ ಸಂತೋಷವಾಯಿತು. ಶಾಲೆಯ ಗಂಟೆ ಹೊಡೆದದ್ದರಿಂದ ಅವನು ಅವಸರದಲ್ಲಿ ಹೊರಟುಹೋದ. ನರ್ಮದಾ ಶೆಡ್ಡಿನ ಬಾಗಿಲಲ್ಲೇ ನಿಂತಳು. ಪರಗಂಡಸಿನ ಹತ್ತಿರ ಅವಳು ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

"ಪುಟ್ಟರಾಜು, ಗಾಡಿ ಇಳಿಯಲಿ. ಸೀಟು ಮಾತ್ರ ಇದ್ದಲ್ಲೇ ಇರೋದಕ್ಕೆ ಆಗೋದಿಲ್ವಾ?"

"ಯಾವ ಸೀಟು ಅಮ್ನೋರೆ?"

"ನನ್ನದು. ಮುಂದಿನದು. ಇಳಿದರೆ ಗೋಡೆ ಅಡ್ಡ ಬರುತ್ತೆ."

ಅವನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ. ಮೂರ್ನಾಡಿನ ದಾರಿಯಲ್ಲಿ ಗೋಡೆಯೆಂದರೆ ಇದ್ದದ್ದೇ ಒಂದು.

"ಸೀಟಿನ ಕೆಳಗೆ ಪೆಟ್ಟಿಗೆ ಮಾಡ್ತೀನಿ," ಎಂದ. "ಸಂತೆ ಸಾಮಾನು ಇಡಾಕೆ. ನಿತ್ಯ ಓಡಾಡೋ ಗಾಡಿಗೆ ಅದು ಇರಬೇಕಲ್ರಾ. ಮೇಷ್ಟ್ರಿಗೆ ಹಂಗೇ ಹೇಳ್ತೀನಿ. ಪೆಟ್ಟಿಗೆ ಎತ್ತರ ಎಷ್ಟಿರ್ಲಿ?"

"ಒಂಬತ್ತು ಇಂಚು," ಎಂದಳು ನರ್ಮದಾ.

ಎಂಟು ದಿನ ಜೀಪು ಶೆಡ್ಡಿನಲ್ಲಿತ್ತು. ಮಧ್ಯಾಹ್ನ ಚಾಪೆಯ ಮೇಲೆ ಒರಗಿದರೆ ಸಾಕು, ಅವಳಿಗೆ ಅದೇ ಕನಸು. ಗೋಡೆ ಹಲಸಿನ ಮರದ ಹಾಗೆ ಮೆಲ್ಲಗೆ ಬೆಳೆಯುತ್ತಿರುತ್ತದೆ, ತಾನು ಮಣೆಯ ಮೇಲೆ ಮಣೆ ಇಟ್ಟು ಹತ್ತುತ್ತಿರುತ್ತೇನೆ, ಆಚೆ ಯಾರೋ ಕೂಸಿಗೆ ನೀರು ಹಾಕುವ ಸದ್ದು. ಎದ್ದು ಕೂತರೆ ಹಿತ್ತಲಲ್ಲಿ ಕೆಲಸದ ಚೋಮಿ ಪಾತ್ರೆ ತೊಳೆಯುತ್ತಿರುತ್ತಿದ್ದಳು.

ಒಂಬತ್ತನೆಯ ದಿನ ಜೀಪು ಬಂತು. ತಗ್ಗಿ, ಗಂಭೀರವಾಗಿ, ಮದುವೆಯಾದ ಪೋಲಿಯ ಹಾಗೆ ಬಂತು. ಶಕುಂತಲಮ್ಮನವರು ಮೆಟ್ಟಿಲನ್ನು ಕೋಲಿನಿಂದ ಎರಡು ಸಲ ಕುಟ್ಟಿ, ಕಂಬಿ ಹಿಡಿದು, ಒಂದೇ ಉಸಿರಿಗೆ ಹತ್ತಿದರು. ಯಾರೂ ಕೈ ಕೊಡಬೇಕಾಗಲಿಲ್ಲ. ಹಿಂದಿನ ಬೆಂಚಿಗೆ ಹೋಗುವ ಮೊದಲು ಅವರ ಕಣ್ಣು ಮುಂದಿನ ಸೀಟಿನ ಮೇಲೆ ಬಿತ್ತು.

"ಇದೇನು, ಇದು ಸಿಂಹಾಸನದ ಹಾಗಿದೆ?"

"ಪೆಟ್ಟಿಗೆ ಅಮ್ಮ. ಸಾಮಾನಿಗೆ," ಎಂದ ನಾಗೇಶ್ವರ.

"ಇದರ ಮೇಲೆ ಇವಳು ಕೂತು, ಪಕ್ಕದಲ್ಲಿ ನೀನು ತಗ್ಗಿನಲ್ಲಿ ಕೂತು, ಮಡಿಕೇರಿ ಪೇಟೆಯಲ್ಲೆಲ್ಲ ಮೆರವಣಿಗೆಯಾ? ಗಂಡನ ತಲೆ ಮೇಲೆ ಹೆಂಡತಿಯ ತಲೆ. ಊರು ನಗುತ್ತೆ ಮಾರಾಯ. ಅಲ್ಲಿ ನಾನು ಕೂರ್ತೇನೆ. ಹೆತ್ತವಳಿಗಾದರೆ ಅಡ್ಡಿಯಿಲ್ಲ."

ಕೂತೂಬಿಟ್ಟರು. ನರ್ಮದಾ ಹಿಂದಿನ ಬೆಂಚಿನಲ್ಲಿ ಮುದುಡಿ ಕೂತಳು. ಒಂದು ಪೆಟ್ಟಿಗೆಗಾಗಿ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮವಾಗಿತ್ತು. ಅಳು ಬಂತು. ಅತ್ತರೆ ಕಾರಣ ಹೇಳಬೇಕಾಗುತ್ತದೆಂದು ನುಂಗಿಕೊಂಡಳು. ಬೇಲಿಗಳು ಮತ್ತೆ ಬೇಲಿಗಳಾಗಿ ಎರಡೂ ಕಡೆ ಎದ್ದು ನಿಂತಿದ್ದವು. ನಡುವೆ ಬಿದ್ದ ಮಳೆಗೆ ಮತ್ತೆ ಬಿಟ್ಟ ಕಾಫಿ ಹೂ ಕಾಣುತ್ತಿರಲಿಲ್ಲ, ಬರೀ ಪರಿಮಳ ಬರುತ್ತಿತ್ತು.

ಗೋಡೆ ಬಲಕ್ಕೆ ಬಂತು. ನಾಗೇಶ್ವರ ಗೇರು ಇಳಿಸಿದ. ನರ್ಮದಾಗೆ ಕಂಡದ್ದು ಹೆಂಚು, ಹೆಂಚಿನ ಮೇಲಿನ ಪಾಚಿ, ಅದರ ಮೇಲೆ ಆಕಾಶ. ಒಂದು, ಎರಡು, ಮೂರು ಎಂದು ಅವಳ ಮನಸ್ಸು ತಾನಾಗಿಯೇ ಎಣಿಸಿತು. ಮುಂದೆ ಅತ್ತೆಯ ತಲೆ ನಿಧಾನವಾಗಿ ಬಲಕ್ಕೆ ಹೊರಳಿತು. ಹೊರಳಿದ ತಲೆ ಗೋಡೆ ಮುಗಿಯುವವರೆಗೂ ಹಾಗೇ ಇತ್ತು. ಕಂಬಿ ಹಿಡಿದಿದ್ದ ಕೈ ಯಾವಾಗಲೋ ಬಿಟ್ಟುಹೋಗಿತ್ತು.

ಜೀಪು ಒಂದು ಫರ್ಲಾಂಗು ಮುಂದೆ ಹೋಯಿತು.

"ಎಷ್ಟು ತಿಂಗಳು?" ಎಂದರು ಶಕುಂತಲಮ್ಮನವರು, ಮುಂದೆ ನೋಡುತ್ತಲೇ.

ಸುಳ್ಳು ಹೇಳಲು ನರ್ಮದಾಗೆ ಹೊತ್ತು ಸಾಲಲಿಲ್ಲ. "ಎಂಟು," ಎಂದಳು.

"ಹೂಂ."

ಮಡಿಕೇರಿಯವರೆಗೂ ಆ ಹೂಂ ಒಂದೇ ಜೀಪಿನಲ್ಲಿತ್ತು. ಪಂಡಿತರು ಮೊಣಕಾಲು ನೋಡಿದರು, ಎಣ್ಣೆ ಕೊಟ್ಟರು, ತಂಗಳು ತಿನ್ನಬೇಡಿ ಎಂದರು. ಹೊರಗೆ ಬಂದು ಶಕುಂತಲಮ್ಮನವರು ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು ನಿಂತು ಮಗನನ್ನು ಕರೆದರು.

"ಅಂಗಡಿಗೆ ಹೋಗಿ ಬಾ. ಓಮ ಒಂದು ಸೇರು. ಒಣಶುಂಠಿ. ಹಳೇ ಬೆಲ್ಲ, ಕಪ್ಪಿದ್ದರೆ ಒಳ್ಳೆಯದು. ಕೊಬ್ಬರಿ ನಾಲ್ಕು ಗಿಟುಕು. ಮೆತ್ತಗಿನ ಬಿಳೀ ಬಟ್ಟೆ ಐದು ಗಜ."

ನಾಗೇಶ್ವರ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಚೀಲ ತೆಗೆದುಕೊಂಡು ಹೋದ. ಬಂದು ಎಲ್ಲವನ್ನೂ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿಟ್ಟ. ಅಳತೆ ಮಾಡಿಸಿದ ಹಾಗೆ ಹಿಡಿಸಿತು.

"ನೀನು ಮುಂದೆ ಕೂತ್ಕೋ," ಎಂದರು ಅತ್ತೆ ಸೊಸೆಗೆ. "ಎತ್ತರದಲ್ಲಿ ಕೂತರೆ ನಂಗೆ ತಲೆ ಸುತ್ತುತ್ತೆ."

"ಊರು ನಗುತ್ತೆ ಅಂದ್ರಿ?"

"ನಗಲಿ. ನನ್ನ ಮೊಣಕಾಲು ನೋಡಿಯೂ ನಕ್ಕಿತ್ತು ಊರು."

ಇಳಿಹೊತ್ತಿನ ಬಿಸಿಲು ಓಕ್ ಮರಗಳ ನಡುವೆ ಓರೆಯಾಗಿ ಬೀಳುತ್ತಿತ್ತು. ಬೇಲಿಗಳು ಮತ್ತೆ ತಗ್ಗಿ, ಬಿಳಿ ಇಳಿಜಾರುಗಳು ಕಂಡವು. ಪೆಟ್ಟಿಗೆಯ ಸಂದಿಯಿಂದ ಓಮದ ಘಾಟು ಮೇಲೆದ್ದು ಹೂವಿನ ಪರಿಮಳದೊಳಗೆ ಬೆರೆಯುತ್ತಿತ್ತು. ಗೋಡೆ ಈಗ ಎಡಕ್ಕೆ, ಗಂಡನ ಬದಿಗೆ ಬರುವುದಿತ್ತು. ಅವನ ನೆತ್ತಿಯ ಮೇಲಿಂದ ನರ್ಮದಾ ದೂರದಿಂದಲೇ ಹೆಂಚುಗಳನ್ನು ಕಂಡಳು, ಹೆಂಚುಗಳ ಆಚೆ ಬಾವಿಯ ಕಂಬವನ್ನು, ಕಂಬದ ಪಕ್ಕ ಹಸಿರು ಸೀರೆಯನ್ನು.

ನಾಗೇಶ್ವರ ಗೇರು ಇಳಿಸಿದ. ನರ್ಮದಾ ಎಣಿಸತೊಡಗಿದಳು. ಹತ್ತಾಯಿತು, ಹನ್ನೊಂದಾಯಿತು. ಗೋಡೆ ಇನ್ನೂ ಮುಗಿದಿರಲಿಲ್ಲ. ಅವನ ಕೈ ಮತ್ತೊಮ್ಮೆ ಗೇರು ಇಳಿಸಲು ಹೋಯಿತು.