ಯಾರ ಮೈದಾನದ ಗೋಲು?

ಹದಿನೈದು ದಿನದಿಂದ ಡ್ರೈವರಮ್ಮ ಕಂಡಕ್ಟರಮ್ಮನ ಜೊತೆ ತುಟಿ ಬಿಚ್ಚಿರಲಿಲ್ಲ. ಒಂದೇ ಬಸ್ಸು, ಒಂದೇ ಪಾಳಿ, ಡಿಪೋದ ಹೆಂಗಸರ ಫುಟ್‌ಬಾಲ್ ತಂಡವೂ ಒಂದೇ. ಮಾತು ಮಾತ್ರ ಇಲ್ಲ. ಅಂಥ ಮಹಾಪರಾಧವಾದರೂ ಏನು? ಆಸ್ಪತ್ರೆ ಲಾಂಡ್ರಿಯವರ ಎದುರಿನ ಮೊದಲ ಪಂದ್ಯದಲ್ಲಿ ಗೋಲ್‌ಕೀಪರ್ ಕಂಡಕ್ಟರಮ್ಮನ ಕೈಯಿಂದ ಚೆಂಡು ಜಾರಿ ಒಳಗೆ ಹೋಗಿತ್ತು. ಒಂದು–ಒಂದು ಸಮ. ಹತ್ತು ವರ್ಷದ ಗೆಳೆತನ ಒಂದು ಚೆಂಡಿಗೆ ಹಾಳಾಗಬೇಕೇ ಎಂದು ಆಕೆಗೆ ಅನ್ನವೇ ಇಳಿಯುತ್ತಿರಲಿಲ್ಲ.

ಅದೇ ಲಾಂಡ್ರಿಯವರ ಎದುರು ಈವತ್ತಿನ ಎರಡನೇ ಪಂದ್ಯ ಸೊನ್ನೆ–ಸೊನ್ನೆ. ರೆಫರಿಯಾಗಿ ನಿಂತಿದ್ದ ಟೈಲರ್ ಜೇಬಿನಿಂದ ನಿಯಮದ ಕಾಗದ ತೆಗೆದ. ಎರಡೂ ಪಂದ್ಯದ ಒಟ್ಟು ಗೋಲು ಸಮವಾದರೆ ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿಗೇ ಹೆಚ್ಚು ಬೆಲೆ. ಮೊದಲ ಪಂದ್ಯದ ಮೈದಾನ ಡಿಪೋದವರದು ಎಂದು ಬರೆದಿತ್ತು. ಅಂದರೆ ಆ ಜಾರಿದ ಚೆಂಡೇ ಲಾಂಡ್ರಿಯನ್ನು ಗೆಲ್ಲಿಸಿತ್ತು.

ಕಂಡಕ್ಟರಮ್ಮ ಓರೆಗಣ್ಣಲ್ಲಿ ಡ್ರೈವರಮ್ಮನ ಕಡೆ ನೋಡಿದಳು. ಇನ್ನು ಡ್ರೈವರಮ್ಮ ಈ ಜನ್ಮದಲ್ಲಿ ಮಾತಾಡಿದ ಹಾಗೇ!

"ಸ್ವಲ್ಪ ನಿಲ್ಸಿ ಟೈಲರಣ್ಣ," ಎಂದಳು ಲಾಂಡ್ರಿಯ ಕ್ಯಾಪ್ಟನ್, ಇಸ್ತ್ರಿ ಮಾಡಿ ಮಾಡಿ ತೋಳು ಬಲಿತ ಹೆಂಗಸು. "ಯಾರದ್ದು ಎದುರಾಳಿ ಮೈದಾನ? ಊರಿಗಿರೋದೇ ಇದೊಂದು. ಎರಡು ಸಲವೂ ಇಲ್ಲೇ ಆಡಿದ್ವಿ, ಒಂದೇ ನಲ್ಲೀಲಿ ನೀರು ಕುಡಿದ್ವಿ."

"ರೂಲ್ ಅಂದ್ರೆ ರೂಲ್ ಅಮ್ಮಾ. ದೊಡ್ಡ ಟೂರ್ನಮೆಂಟಿಂದ ನೋಡಿ ಬರ್ಕೊಂಡಿದ್ದು."

"ಬರ್ಕೊಳ್ಳೋವಾಗ ತಲೆ ಮನೇಲಿ ಬಿಟ್ಟು ಬಂದಿದ್ರಾ? ದೂರದೂರಿಗೆ ಹೋಗಿ ಆಡೋರಿಗೆ ಆ ರಿಯಾಯ್ತಿ. ನಾವೆಲ್ಲಿಗೆ ಹೋದ್ವಿ? ಈ ಬಿಟ್ಟಿ ಗೆಲುವು ನಂಗೆ ಬೇಡ. ಪೆನಾಲ್ಟಿ ಹೊಡೆಸಿ."

ಡಿಪೋದವರು ಬೇಡ ಅಂತಾರೆಯೇ? ಟೈಲರ್ ಕಾಗದ ಮಡಚಿ ಜೇಬಿಗಿಟ್ಟ. ಲಾಂಡ್ರಿಯವರ ಐದು ಒದೆತದಲ್ಲಿ ಎರಡನ್ನು ಕಂಡಕ್ಟರಮ್ಮ ಹಾರಿ ತಡೆದಳು. ಡಿಪೋದವರು ನಾಲ್ಕರಲ್ಲಿ ಎರಡು ಹೊಡೆದಿದ್ದರು. ಕೊನೆಯದು ಡ್ರೈವರಮ್ಮನದು, ಗೋಲಾದರೆ ಸಮ, ಇಲ್ಲದಿದ್ದರೆ ಮನೆಗೆ. ಆಕೆ ಓಡಿ ಬಂದು ಒದ್ದಳು. ಚೆಂಡು ಬೇಲಿಯಾಚೆ ಹೋಗಿ ಬಿತ್ತು.

ಡ್ರೈವರಮ್ಮ ಅಲ್ಲೇ ಕುಸಿದು ಕೂತಳು. ಬೈದರೆ ಬೈಯಲಿ ಎಂದು ಕಂಡಕ್ಟರಮ್ಮ ಹೋಗಿ ಪಕ್ಕದಲ್ಲಿ ಕೂತಳು.

"ಹದಿನೈದು ದಿನ ನಿನ್ನ ಮೇಲೆ ಮುಖ ಊದಿಸ್ಕೊಂಡಿದ್ನಲ್ಲೇ," ಎಂದಳು ಡ್ರೈವರಮ್ಮ ಮೂಗು ಒರೆಸಿಕೊಳ್ಳುತ್ತಾ. "ನಿಂದು ಬರೀ ಕೈ ಜಾರಿದ್ದು. ನಾನು ಆಕಾಶಕ್ಕೇ ಹೊಡ್ದೆ ಕಣೇ!"

"ಆಕಾಶಕ್ಕೆಲ್ಲಿ? ಬೇಲಿ ಆಚೆಗೆ ಅಷ್ಟೇ."

ಡ್ರೈವರಮ್ಮ ಅಳುತ್ತಲೇ ನಕ್ಕುಬಿಟ್ಟಳು. ಕಂಡಕ್ಟರಮ್ಮನಿಗೆ ಹೋದ ಜೀವ ಬಂದಂತಾಯಿತು. ಸೋತ ದಿನ ಇಷ್ಟು ಹಗುರವಾಗಿರುತ್ತದೆಂದು ಆಕೆಗೆ ಗೊತ್ತೇ ಇರಲಿಲ್ಲ.

"ಏಳೇ," ಎಂದಳು, "ಚೆಂಡು ಡಿಪೋದ್ದು. ಇಬ್ರೂ ಹೋಗಿ ಹುಡುಕೋಣ."