ಅವರಿಗೆ ನೀವೇನಾಗಬೇಕು?

"ಅವರಿಗೆ ನೀವು ಏನಾಗಬೇಕು ಅಂತ ಕೇಳ್ತಾ ಇದ್ದಾನೆ," ಎಂದ ರಹ್ಮತ್.

ರಾಜೀವಿ ಬ್ಯಾಗಿನ ಜಿಪ್ಪನ್ನು ಎಳೆದು ಮತ್ತೆ ಮುಚ್ಚಿದಳು. ಕಿಟಕಿಯ ಆಚೆ ಕುಳಿತಿದ್ದ ಕೋರ್ಟಿನ ಗುಮಾಸ್ತ ಪೆನ್ನನ್ನು ರಿಜಿಸ್ಟರಿನ ಮೇಲೆ ಹಿಡಿದು ಕಾಯುತ್ತಿದ್ದ. ಅವನ ಮುಖದಲ್ಲಿ ಗದರಿಕೆಯೇನೂ ಇರಲಿಲ್ಲ. ಬೆನ್ನ ಹಿಂದಿನ ಕಬ್ಬಿಣದ ಕಪಾಟಿನ ಮೇಲೆ ಎಳೆ ಮೀಸೆಯ ತರುಣನೊಬ್ಬನ ಫೋಟೊ ಅಂಟಿಸಿತ್ತು. ಅದರ ಮೂಲೆಗೆ ಹಳದಿ ರಿಬ್ಬನ್ನು ಕಟ್ಟಿತ್ತು. ಇರಾಕಿನವರು ಹಿಡಿದುಕೊಂಡು ಹೋಗಿ ಇನ್ನೂ ಮರಳದವರ ಫೋಟೊಗಳನ್ನು ಕುವೈತಿನಲ್ಲಿ ಈಗ ಹೋದಲ್ಲೆಲ್ಲ ನೋಡಬೇಕಾಗುತ್ತಿತ್ತು.

"ಬೇಕಾದವರು ಅಂತ ಹೇಳಿ," ಎಂದಳು ಕೊನೆಗೆ.

ರಹ್ಮತ್ ಅರಬ್ಬಿಯಲ್ಲಿ ಏನೋ ಹೇಳಿದ. ಗುಮಾಸ್ತ ತಲೆ ಅಲ್ಲಾಡಿಸಿದ. "ಬೇಕಾದವರು ಅಂತ ಇಲ್ಲಿ ಕಾಲಂ ಇಲ್ಲ ಅಕ್ಕ," ಎಂದ ರಹ್ಮತ್. "ಅಪ್ಪ, ಅಮ್ಮ, ಹೆಂಡತಿ, ಮಕ್ಕಳು, ಅಣ್ಣ, ತಂಗಿ. ಇಷ್ಟರಲ್ಲಿ ಒಂದು ಹೇಳ್ಬೇಕು."

"ಮೋರಿಸ್ ಅಂತ ಫೈಲು ಇದೆಯಾ, ಅದಾದರೂ ಕೇಳಿ."

"ಇದೆ. ಹೊರಗೆ ಬೋರ್ಡಿನಲ್ಲಿ ಹೆಸರು ನೋಡಿದಿರಲ್ಲ. ಹೆಸರು ಯಾರು ಬೇಕಾದ್ರೂ ನೋಡ್ಬಹುದು. ಬಿಡಿಸಿ ನೋಡ್ಲಿಕ್ಕೆ ಸಂಬಂಧ ಬೇಕು."

ಗುಮಾಸ್ತ ಪೆನ್ನು ಕೆಳಗಿಟ್ಟು ಇನ್ನೊಂದು ಮಾತು ಹೇಳಿದ. ರಹ್ಮತ್ ಅದನ್ನು ತರ್ಜುಮೆ ಮಾಡಲಿಲ್ಲ. ಮೆಟ್ಟಿಲಿಳಿಯುವಾಗ ಅವಳೇ ಕೇಳಿದಳು.

"ಎಂತ ಇಲ್ಲ. ಬಂದವರೆಲ್ಲ ನನ್ನವನು ಅಂತಲೇ ಬರ್ತಾರೆ ಅಂದ."

ರಹ್ಮತ್ ಉಪ್ಪಿನಂಗಡಿ ಕಡೆಯ ಬ್ಯಾರಿ. ಕೋರ್ಟಿನ ಕಾಂಪೌಂಡಿನ ಹೊರಗೆ ದೊಡ್ಡ ಕೊಡೆಯ ಕೆಳಗೆ ಮೇಜು ಹಾಕಿ, ಅರಬ್ಬಿ ಟೈಪ್‌ರೈಟರಿನಲ್ಲಿ ಅರ್ಜಿ ಬರೆದುಕೊಡುವುದು ಅವನ ಕೆಲಸ. ಮೇಜಿನ ಒಂದು ಕಾಲು ಗಿಡ್ಡ. ಅವನು ಕೀಲಿ ಕುಟ್ಟಿದಾಗಲೆಲ್ಲ ಚಹದ ಲೋಟ ಕುಣಿಯುತ್ತಿತ್ತು. ಬೆಂಕಿ ಬಿದ್ದ ಎಣ್ಣೆಬಾವಿಗಳೆಲ್ಲ ಆರಿದವೆಂದು ರೇಡಿಯೊ ಹೇಳಿ ಕೆಲವೇ ದಿನವಾಗಿತ್ತು. ಕೊಡೆಯ ಬಟ್ಟೆ ಮಾತ್ರ ಇನ್ನೂ ಕಪ್ಪಾಗಿಯೇ ಇತ್ತು. ಮೊದಲು ಅದು ಹಸಿರಿತ್ತಂತೆ.

"ಕೂತ್ಕೊಳ್ಳಿ. ನಾನೊಂದು ಉಪಾಯ ಹೇಳ್ತೇನೆ, ಬೈಬಾರ್ದು," ಎಂದು ಅವನು ಹಾಳೆ ಸಿಕ್ಕಿಸಿದ. "ಹೆಂಡತಿ ಅಂತ ಬರೆಯುವ. ಮದುವೆ ಸರ್ಟಿಫಿಕೇಟು ಸುಟ್ಟುಹೋಯ್ತು ಅಂತ ಒಂದು ಸಾಲು. ಅರ್ಧ ಕುವೈತಿನ ಕಾಗದ ಸುಟ್ಟುಹೋಗಿದೆ ಮಾರಾಯ್ರೆ, ನಿಮ್ಮದೊಂದು ಹೆಚ್ಚಾ? ಈ ತಿಂಗಳಲ್ಲಿ ನಾನೇ ಎಷ್ಟು ಜನರಿಗೆ ಮದುವೆ ಮಾಡಿಸಿದ್ದೇನೆ. ಬಿರಿಯಾನಿ ಒಂದು ಸಿಕ್ಕಲಿಲ್ಲ."

ಅವಳು ಬೇಡವೆನ್ನುವಷ್ಟರಲ್ಲಿ ಅವನ ಬೆರಳುಗಳು ಓಡಿದ್ದವು. ಬಲದಿಂದ ಎಡಕ್ಕೆ ಸಾಲುಗಳು ಬೆಳೆದವು. ಹಾಳೆ ತೆಗೆದು ಅವಳ ಮುಂದಿಟ್ಟು ಒಂದು ಪದದ ಕೆಳಗೆ ಉಗುರಿಟ್ಟು, "ಇದು," ಎಂದ. "ಇದೇ ಹೆಂಡತಿ."

ರಾಜೀವಿ ಆ ಪದವನ್ನು ಬಹಳ ಹೊತ್ತು ನೋಡಿದಳು. ಪುಟ್ಟ ಪದ. ಮೇಲೊಂದೆರಡು ಚುಕ್ಕೆ.

ಮೋರಿಸ್, ಮೀನಾ ಅಲ್ ಅಹ್ಮದಿ ಬಂದರಿನ ರಿಫೈನರಿಯಲ್ಲಿ ಟೆಕ್ನಿಷಿಯನ್ ಆಗಿದ್ದ. ಅವಳು ಫರ್ವಾನಿಯಾದ ಕ್ಲಿನಿಕ್ಕೊಂದರಲ್ಲಿ ಹೆಸರು ಬರೆದುಕೊಂಡು ಟೋಕನ್ ಕೊಡುವವಳು. ಕಣ್ಣಿಗೆ ಕಬ್ಬಿಣದ ಚೂರು ಬಿದ್ದಿತೆಂದು ಬಂದವನು ಕಣ್ಣು ವಾಸಿಯಾದ ಮೇಲೂ ಬರುತ್ತಿದ್ದ. ಅವನ ಮನೆಯ ಕೊಂಕಣಿ, ಅವಳ ಮನೆಯ ತುಳು, ನಡುವೆ ಇಬ್ಬರ ಮಂಗಳೂರು ಕನ್ನಡ. ಎರಡು ಮನೆಯವರೂ ಒಪ್ಪಿರಲಿಲ್ಲ. ಚರ್ಚಿನ ಪಾದ್ರಿ ಮಾತ್ರ ಹಲವು ಸಲ ಕೂರಿಸಿ ಮಾತಾಡಿ, ಧರ್ಮ ಬದಲಿಸದೆಯೂ ಮದುವೆ ಮಾಡಿಸಬಹುದೆಂದು ಬಿಷಪ್ಪರಿಂದ ಅನುಮತಿ ತರಿಸಿದ್ದರು. ಅದಕ್ಕೆ ಮುಂಚೆ ಮೂರು ವಾರ ಚರ್ಚಿನಲ್ಲಿ ಚೀಟಿ ಓದಬೇಕು: ಇಂಥವನಿಗೂ ಇಂಥವಳಿಗೂ ಮದುವೆ ಗೊತ್ತಾಗಿದೆ ಎಂದು ಎಲ್ಲರೆದುರು ಇಬ್ಬರ ಹೆಸರನ್ನೂ ಹೇಳುವುದು.

"ಓದಿದ ಮೇಲೆ ಫಾದರ್ ಸ್ವಲ್ಪ ಹೊತ್ತು ಸುಮ್ಮನೆ ನಿಲ್ತಾರೆ," ಎಂದು ಮೋರಿಸ್ ಹೇಳಿದ್ದ. "ಯಾರದ್ದಾದ್ರೂ ತಕರಾರು ಉಂಟಾ ಅಂತ. ಆಗ ನಮ್ಮ ಕಾರ್ಮೆಲ್ ಒಮ್ಮೆ ಕೆಮ್ಮಿದ್ರೂ ಸಾಕು, ನಮ್ಮ ಕಥೆ ಖಲಾಸ್." ಕಾರ್ಮೆಲ್ ಅವನ ಅಕ್ಕ. ಅವನು ನಕ್ಕಿದ್ದ, ಅವಳಿಗೆ ನಗು ಬಂದಿರಲಿಲ್ಲ. ಆ ಗಳಿಗೆಯನ್ನು ನೆನೆದು ಒಂದು ವಾರ ನಿದ್ದೆಗೆಟ್ಟಿದ್ದಳು.

ಮೊದಲ ಚೀಟಿ ಕಳೆದ ವರ್ಷ ಆಗಸ್ಟಿನ ಮೊದಲ ಶುಕ್ರವಾರ ಓದಬೇಕಿತ್ತು. ಗುರುವಾರ ಬೆಳಗಾಗುವಾಗ ಇರಾಕಿನ ಟ್ಯಾಂಕುಗಳು ರಸ್ತೆಯಲ್ಲಿದ್ದವು.

ಸೆಪ್ಟೆಂಬರಿನಲ್ಲಿ ಕ್ಲಿನಿಕ್ಕಿನವರ ಜತೆ ಅವಳು ಬಸ್ಸು ಹತ್ತಿದಳು. ಮೋರಿಸನ ಪಾಸ್‌ಪೋರ್ಟು ಅವನ ಕಫೀಲನ, ಎಂದರೆ ವೀಸಾ ಕೊಟ್ಟ ಧಣಿಯ, ಬೀರುವಿನಲ್ಲಿತ್ತು, ಕಫೀಲ ಸೌದಿಯಲ್ಲಿದ್ದ. "ನೀನು ಹೋಗು. ಬೀರು ಒಡೆದಾದರೂ ಬರ್ತೇನೆ," ಎಂದು ಕಿಟಕಿಯ ಕೆಳಗೆ ನಿಂತಿದ್ದ. ಬಾಗ್ದಾದ್, ಅಮ್ಮಾನ್, ಬೊಂಬಾಯಿ ದಾಟಿ ಊರು ಮುಟ್ಟಿ ಅವಳು ಕಾದಳು. ಡಿಸೆಂಬರಿನಲ್ಲಿ ಅವನ ಜತೆಗೆಲಸದ ಲೋಕನಾಥ ಊರಿಗೆ ಬಂದವನು ಸುದ್ದಿ ತಂದ: ಅಕ್ಟೋಬರಿನಲ್ಲಿ ಫಹಾಹೀಲ್ ರಸ್ತೆಯಲ್ಲಿ ಸೈನ್ಯದ ಲಾರಿಯೊಂದು ಮೋರಿಸನ ಕಾರಿಗೆ ಗುದ್ದಿತು. ಆಸ್ಪತ್ರೆಯವರೇ ಎಲ್ಲೋ ಮಣ್ಣು ಮಾಡಿದರು. ಎಲ್ಲಿ ಎಂಬುದು ಅವನಿಗೂ ಗೊತ್ತಿರಲಿಲ್ಲ. ಆ ತಿಂಗಳುಗಳ ಸಾವುಗಳಿಗೆ ಕೋರ್ಟು ಈಗ ಒಂದೊಂದಾಗಿ ಫೈಲು ತೆರೆಯುತ್ತಿದೆ ಎಂದು ತಿಳಿದದ್ದು ಅವಳು ಅದೇ ಕ್ಲಿನಿಕ್ಕಿಗೆ ಮರಳಿದ ಮೇಲೆ. ಅವನನ್ನು ಇಟ್ಟ ಜಾಗ ಯಾವುದು, ಅಷ್ಟು ಗೊತ್ತಾದರೆ ಅವಳಿಗೆ ಸಾಕಿತ್ತು.

"ಸೈನ್ ಹಾಕ್ತೀರಾ?" ಎಂದ ರಹ್ಮತ್.

"ಬೇಡ."

"ಯಾರೂ ಕೇಳುದಿಲ್ಲ ಅಕ್ಕ."

"ಅದಕ್ಕೇ ಬೇಡ. ಚೀಟಿಯೇ ಓದ್ಲಿಲ್ಲ ನಮ್ಮದು."

ಅವನಿಗೆ ಅರ್ಥವಾದಂತಿರಲಿಲ್ಲ. ಆದರೂ ಒತ್ತಾಯಿಸಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಬಾಗಿ, ಮೇಜಿನ ಗಿಡ್ಡ ಕಾಲಿನ ಅಡಿಗೆ ತುರುಕಿದ. ಲೋಟ ಕುಣಿಯುವುದು ನಿಂತಿತು.

ಸಾಲ್ಮಿಯಾದ ತನ್ನ ಫ್ಲಾಟಿನ ಬಾಗಿಲು ತೆರೆದಾಗ ಕಾರ್ಮೆಲ್ ಮೊದಲು ಕೆಮ್ಮಿದಳು, ಆಮೇಲೆ "ನೀನಾ," ಎಂದಳು. ಆಸ್ಪತ್ರೆಯ ನರ್ಸ್, ಮೋರಿಸನಿಗಿಂತ ಎಂಟು ವರ್ಷ ದೊಡ್ಡವಳು. ರಾಜೀವಿ ಅವಳನ್ನು ಹಿಂದೆ ಒಮ್ಮೆ ಮಾತ್ರ ನೋಡಿದ್ದಳು, ಇದೇ ಸಾಲ್ಮಿಯಾದ ಸಮುದ್ರದಂಡೆಯಲ್ಲಿ. ಅಂದು ಕಾರ್ಮೆಲ್ ಇಡೀ ಸಂಜೆಯಲ್ಲಿ ಅವಳಿಗೆ ಹೇಳಿದ್ದು ಒಂದೇ ಮಾತು: "ಐಸ್‌ಕ್ರೀಮ್ ಕರಗ್ತಾ ಉಂಟು, ತಿನ್ನು."

"ಒಳಗೆ ಬಾ. ಪರದೆ ನೋಡ್ಬೇಡ. ಮೂರು ಸಲ ಒಗೆದಾಯ್ತು, ಇನ್ನೂ ಎಣ್ಣೆ ಬಿಡ್ಲಿಲ್ಲ. ನನ್ನ ಗಂಟಲೂ ಹಾಗೇ." ಮತ್ತೆ ಕೆಮ್ಮು. "ಯಾಕೆ ಬಂದದ್ದು ಗೊತ್ತು. ನಂಗೆ ಆಗುದಿಲ್ಲ."

"ಬೋರ್ಡಿನಲ್ಲಿ ಹೆಸರು ಉಂಟು. ನೀವು ಹೋದ್ರೆ ತೋರಿಸ್ತಾರೆ."

"ನೋಡಿದ್ರೆ ನಿಜ ಆಗ್ತದಲ್ಲ ಬಾಯ್!" ಕಾರ್ಮೆಲ್ ಸೋಫಾದ ಮೇಲೆ ಕುಸಿದಳು. "ಸತ್ತವರಿಗೆ ಕೊಡುವ ಪೂಜೆ ಕೂಡ ನಾನು ಕೊಡ್ಲಿಲ್ಲ ಇನ್ನೂ. ಕೊಟ್ರೆ ಮುಗೀತು. ನೋಡದಿದ್ರೆ, ಪಾಸ್‌ಪೋರ್ಟ್ ಇಲ್ಲದೆ ಅಮ್ಮಾನಿನ ಯಾವುದೋ ಹೋಟೆಲಿನಲ್ಲಿ ಪ್ಲೇಟ್ ತೊಳೀತಿದ್ದಾನೆ ಅಂತ ಇಟ್ಕೊಳ್ಬಹುದು. ಮಮ್ಮಿ ಹಾಗೇ ಇಟ್ಕೊಂಡಿದ್ದಾಳೆ. ನಾನೂ."

ರಾಜೀವಿ ತನ್ನ ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ ಕುಳಿತಳು. "ಎಲ್ಲಿ ಇಟ್ಟಿದ್ದಾರೆ ಅಂತ ಮಾತ್ರ ಗೊತ್ತಾಗ್ಬೇಕು ನಂಗೆ. ಬೇರೆ ಎಂತ ಬೇಡ."

"ಅದನ್ನು ಕೇಳ್ಲಿಕ್ಕೆ ನಿಂಗೆ ಎಂತ ಹಕ್ಕು ಉಂಟು?"

"ಇಲ್ಲ," ಎಂದಳು ರಾಜೀವಿ. "ಅದಕ್ಕೇ ನಿಮ್ಮ ಹತ್ರ ಬಂದದ್ದು."

ಕಾರ್ಮೆಲ್ ಅವಳನ್ನೇ ನೋಡಿದಳು. ಬೈಯುತ್ತಾಳೆಂದು ರಾಜೀವಿ ತಲೆ ತಗ್ಗಿಸಿದಳು. ಅಡಿಗೆಮನೆಯಿಂದ ಸ್ಟೌ ಹಚ್ಚಿದ ಸದ್ದು ಕೇಳಿದಾಗಲೇ ಅವಳಿಗೆ ಗೊತ್ತಾದದ್ದು, ಕಾರ್ಮೆಲ್ ಎದ್ದುಹೋಗಿ ಚಹಕ್ಕಿಟ್ಟಿದ್ದಾಳೆ ಎಂದು.

"ಮಂಗಳವಾರ ನಂಗೆ ಆಫ್," ಎಂದಳು ಒಳಗಿನಿಂದ.

ಮಂಗಳವಾರ ಅದೇ ಕಿಟಕಿ, ಅದೇ ಗುಮಾಸ್ತ. ಕಾರ್ಮೆಲ್ ತನ್ನ ಪಾಸ್‌ಪೋರ್ಟ್, ತಮ್ಮನ ಪಾಸ್‌ಪೋರ್ಟಿನ ಹಳೆಯ ಕಾಪಿ ಎರಡನ್ನೂ ಕೊಟ್ಟಳು. ಅವನು ಹೋಲಿಸಿ ನೋಡಿ ತಲೆಯಾಡಿಸಿ, ರಿಜಿಸ್ಟರಿನಲ್ಲಿ ಬರೆದುಕೊಂಡು ಒಳಬಾಗಿಲ ಕಡೆ ಕೈತೋರಿಸಿದ. ರಾಜೀವಿಯೂ ಹೆಜ್ಜೆಯಿಟ್ಟಾಗ ಪೆನ್ನು ಎತ್ತಿ ತಡೆದ. ಅವಳ ಗುರುತು ಅವನಿಗೆ ಸಿಕ್ಕಿತ್ತು.

"ಅವರು ಹೊರಗೆ ಕೂತ್ಕೊಳ್ಬೇಕಂತೆ," ಎಂದ ರಹ್ಮತ್ ಮೆಲ್ಲಗೆ. "ನಾನು ಓದಿ ಹೇಳ್ಲಿಕ್ಕೆ ಮಾತ್ರ ಹೋಗ್ಬಹುದು."

ಕಾರ್ಮೆಲ್ ಒಳಬಾಗಿಲನ್ನು ನೋಡಿದಳು. ವಾರ್ಡಿನಲ್ಲಿ ದಿನಬೆಳಗಾದರೆ ಸಾವು ನೋಡುವವಳು, ಅಲ್ಲೇ ಕಂಬ ಹಿಡಿದು ನಿಂತುಬಿಟ್ಟಳು. "ಒಬ್ಬಳೇ ಆಗುದಿಲ್ಲ ನಂಗೆ." ಕೈಚಾಚಿ ರಾಜೀವಿಯ ಮಣಿಕಟ್ಟು ಹಿಡಿದುಕೊಂಡು, ಆಸ್ಪತ್ರೆಯಲ್ಲಿ ಕಲಿತ ಹರಕು ಅರಬ್ಬಿಯಲ್ಲಿ ಗುಮಾಸ್ತನಿಗೆ ನೇರವಾಗಿ ಹೇಳಿದಳು, "ಉಖ್ತಿ. ಉಖ್ತಿ ಇವಳು."

ರಹ್ಮತ್ ನೆಲ ನೋಡಿದ. ಆ ಪದಕ್ಕೆ ತರ್ಜುಮೆ ಬೇಕಿರಲಿಲ್ಲ. ಕ್ಲಿನಿಕ್ಕಿನಲ್ಲಿ ಎಲ್ಲರೂ ರಾಜೀವಿಯನ್ನು ಕರೆಯುತ್ತಿದ್ದದ್ದೇ ಹಾಗೆ. ತಂಗಿ.

ಗುಮಾಸ್ತನ ಕಣ್ಣು ಕಾರ್ಮೆಲಳ ಕುತ್ತಿಗೆಯ ಶಿಲುಬೆಯಿಂದ ರಾಜೀವಿಯ ಹಣೆಯ ಬೊಟ್ಟಿಗೆ ಬಂತು. ಪಾಸ್‌ಪೋರ್ಟಿಗೆಂದು ಕೈಚಾಚಿದ. ರಾಜೀವಿ ಬ್ಯಾಗಿನ ಜಿಪ್ಪು ಎಳೆದಳು. ಪಾಸ್‌ಪೋರ್ಟಿನಲ್ಲಿ ಅವಳ ತಂದೆಯ ಹೆಸರು ತನಿಯಪ್ಪ ಎಂದಿತ್ತು. ಕೊಡಲು ಹೊರಟಾಗ ಅವನ ಕೈ ಹಿಂದಕ್ಕೆ ಹೋಗಿತ್ತು. ಅವನು ಕಪಾಟಿನ ಕಡೆ ತಿರುಗಿ, ಸಡಿಲವಾಗಿದ್ದ ಹಳದಿ ರಿಬ್ಬನ್ನನ್ನು ಸುಮ್ಮನೆ ಬಿಗಿ ಮಾಡಿ, ಮತ್ತೆ ಕುಳಿತು ಒಂದು ಪದ ಬರೆದ. ರಿಜಿಸ್ಟರನ್ನು ಅವರ ಕಡೆ ತಿರುಗಿಸಿದ. "ಯಲ್ಲಾ," ಎಂದ, ಆಗಲಿ ಎನ್ನುವಂತೆ.

"ಮೊದಲನೆಯದ್ದು ಫೈಲಿನ ಹೆಸರು, ಮೋರಿಸ್. ಆಮೇಲೆ ನಿಮ್ಮ ಹೆಸರಿಗೆ ಜಾಗ. ಇಲ್ಲಿ ಸಂಬಂಧ, ತಂಗಿ ಅಂತ ಬರೆದಾಗಿದೆ." ರಹ್ಮತನ ದನಿ ಇಳಿದಿತ್ತು. "ಹಾಕ್ತೀರಾ ಅಕ್ಕ?"

ಅವನ ಹೆಸರು, ಅವಳ ಹೆಸರು, ಒಂದೇ ಸಾಲಿನಲ್ಲಿ. ರಾಜೀವಿ ಕನ್ನಡದಲ್ಲೇ ಸಹಿ ಮಾಡಿದಳು. ಪೆನ್ನು ಒಮ್ಮೆ ಕಾಗದಕ್ಕೆ ಸಿಕ್ಕಿಕೊಂಡಿತು.

ಫೈಲು ತೆಳ್ಳಗಿತ್ತು. ರಹ್ಮತ್ ಬೆರಳಿಟ್ಟು ಓದುತ್ತ ಹೋದ: ಊರು, ಪ್ರಾಯ, ಕೆಲಸ, ಧರ್ಮ. "ಮದುವೆ ಆಗಿಲ್ಲ." ಗುದ್ದಿದ ರಸ್ತೆ. ಆಸ್ಪತ್ರೆಗೆ ತರುವಾಗ ಜೀವ ಇರಲಿಲ್ಲ. ಕಾರಿನಲ್ಲಿ ಸಿಕ್ಕಿದ್ದು: ಗಡಿಯಾರ, ಕೀ ಗೊಂಚಲು, ಒಂದು ಕಟ್ಟು ಖುಬ್ಜ್.

"ರೊಟ್ಟಿಯನ್ನೂ ಬರೆದಿದ್ದಾರಾ?" ಎಂದಳು ಕಾರ್ಮೆಲ್.

"ಇದ್ದದ್ದೆಲ್ಲ ಬರೆದಿದ್ದಾರೆ ಸಿಸ್ಟರ್."

ಕಾರ್ಮೆಲ್ ಅಳತೊಡಗಿದಳು, ಅಳು ಕೆಮ್ಮಾಯಿತು, ಕೆಮ್ಮು ಅಳುವಾಯಿತು. ರಾಜೀವಿ ಅವಳ ಬೆನ್ನು ಸವರಿದಳು. ತಾನು ಅಳಬಹುದೇ ಎಂದು ಅವಳಿಗೆ ತಿಳಿಯಲಿಲ್ಲ. ತಂಗಿ ಎಷ್ಟು ಅಳುತ್ತಾಳೆ? ಬಾಗಿಲಲ್ಲಿ ಗುಮಾಸ್ತ ನೀರಿನ ಲೋಟ ಹಿಡಿದು ನಿಂತಿದ್ದ.

ಕೊನೆಯ ಹಾಳೆಯಲ್ಲಿ ಜಾಗವಿತ್ತು. ಊರ ಹೊರಗಿನ ಕ್ರೈಸ್ತರ ಸ್ಮಶಾನ, ಗೋಡೆಯ ಪಕ್ಕದ ಸಾಲು.

ಹೊರಗೆ ಬಂದಾಗ ಮೇಜಿನ ಕಾಲಡಿಯಲ್ಲಿ ಆ ಮಡಿಸಿದ ಹಾಳೆ ಇನ್ನೂ ಇತ್ತು. ರಾಜೀವಿ ನೋಡಿದ್ದನ್ನು ರಹ್ಮತ್ ನೋಡಿದ. "ತೆಗೀಲಾ?" ಎಂದ. "ಇರ್ಲಿ," ಎಂದಳು. "ಲೋಟ ಕುಣೀತದೆ."

ಅಲ್ಲಿಂದ ಇಬ್ಬರೂ ಟ್ಯಾಕ್ಸಿಯಲ್ಲಿ ಸ್ಮಶಾನಕ್ಕೆ ಹೋದರು. ಸಮಾಧಿಯೆಂದರೆ ಸಿಮೆಂಟಿನ ಒಂದು ತುಂಡು ಅಷ್ಟೆ. ಹೊಗೆಯ ಮಳೆ ಬಿದ್ದು ಬಿದ್ದು ಅದು ಕಪ್ಪಾಗಿತ್ತು. ಕಾರ್ಮೆಲ್ ಕರವಸ್ತ್ರದಿಂದ ಒಂದು ಮೂಲೆ ಉಜ್ಜಿದಳು, ಇನ್ನೊಂದನ್ನು ರಾಜೀವಿ ತನ್ನ ಸೆರಗಿನಿಂದ. ಹೊರಡುವಾಗ ಕಾರ್ಮೆಲ್ ಹೇಳಿದಳು, "ಶುಕ್ರವಾರ ಪೂಜೆಗೆ ಕೊಡ್ತೇನೆ. ನವೆಂಬರು ಸತ್ತವರ ತಿಂಗಳು, ಹೆಸರು ಓದ್ತಾರೆ. ನೀನೂ ಬಾ."

ಶುಕ್ರವಾರ ಚರ್ಚಿನಲ್ಲಿ ಜನ ಮೊದಲಿನಷ್ಟಿರಲಿಲ್ಲ; ಬೆಂಚುಗಳಲ್ಲಿ ಹಲ್ಲು ಬಿದ್ದಂತೆ ಖಾಲಿ ಜಾಗ. ರಾಜೀವಿ ಕೊನೆಯ ಸಾಲಿನ ತುದಿಯಲ್ಲಿ ನಿಂತಿದ್ದಳು. ಕಾರ್ಮೆಲ್ ಮುಂದಿನಿಂದ ಎದ್ದು ಬಂದು ಅವಳ ಪಕ್ಕದಲ್ಲಿ ನಿಂತಳು. ಆಗಲೂ ಕೆಮ್ಮುತ್ತಿದ್ದಳು, ಪಾದ್ರಿಯ ಪ್ರವಚನದ ಉದ್ದಕ್ಕೂ ಕೆಮ್ಮಿದಳು, ಮುಂದಿನವರು ತಿರುಗಿ ನೋಡುವಷ್ಟು.

ಪಾದ್ರಿ ಚೀಟಿಗಳನ್ನು ತೆಗೆದರು. ಅವರೇ, ಹಿಂದೆ ಅವರಿಬ್ಬರನ್ನು ಕೂರಿಸಿ ಮಾತಾಡಿದವರೇ. ಒಂದೊಂದಾಗಿ ಕೊಂಕಣಿಯಲ್ಲಿ ಹೆಸರು ಓದಿದರು, ಸತ್ತವರದ್ದು, ಆಮೇಲೆ ಪೂಜೆ ಕೊಡುವವರದ್ದು. ಒಂದು ಚೀಟಿಯನ್ನು ಕನ್ನಡಕದ ಹತ್ತಿರ ತಂದು ತುಸು ಹೊತ್ತು ಹಿಡಿದರು.

"ಮೋರಿಸ್," ಎಂದು ಓದಿದರು. "ಕಾರ್ಮೆಲ್. ರಾಜೀವಿ."

ಓದಿ ನಿಲ್ಲಿಸಿದರು. ಅದು ಕೊನೆಯ ಚೀಟಿಯಾಗಿರಬೇಕು. ಫ್ಯಾನುಗಳ ಸದ್ದು ಬಿಟ್ಟರೆ ಚರ್ಚಿನಲ್ಲಿ ಯಾವ ಸದ್ದೂ ಇರಲಿಲ್ಲ. ರಾಜೀವಿ ಮುಂದಿನ ಬೆಂಚಿನ ಅಂಚನ್ನು ಹಿಡಿದುಕೊಂಡು ಪಕ್ಕಕ್ಕೆ ನೋಡಿದಳು. ಕಾರ್ಮೆಲ್, ಒಗೆದರೂ ಮಸಿ ಬಿಡದ ಆ ಕರವಸ್ತ್ರವನ್ನು ಎರಡೂ ಕೈಯಿಂದ ಬಾಯಿಗೆ ಒತ್ತಿ ಹಿಡಿದಿದ್ದಳು. ಅವಳ ಭುಜ ನಡುಗುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಪಾದ್ರಿ ಮತ್ತೆ ಮಾತು ತೆಗೆಯುವವರೆಗೂ ಅವಳು ಕೆಮ್ಮಲಿಲ್ಲ.