ನಾನು ಮುಚ್ಚಿಸಿದ ಗ್ಯಾಸಿನ ಗುಂಡಿ

೧೯೯೭ರ ಕಾರ್ತೀಕದ ಒಂದು ಬೆಳಿಗ್ಗೆ ಅಳಿಯ ಕೆಂಪರಾಜ್ ಆಸ್ಪತ್ರೆಯಿಂದ ಕೆ.ಆರ್. ಪುರದ ನಮ್ಮ ಮನೆಗೆ ಬಂದು, "ಮಾವ, ಅತ್ತೆ ಹೋಗ್ಬಿಟ್ರು" ಎಂದ. ನನ್ನ ಹೆಂಡತಿ ಅಣ್ಣಮ್ಮನ ಎದೆಯನ್ನು ಸೌದೆ ಒಲೆಯ ಹೊಗೆ ತಿಂದಿದೆಯೆಂದು ಡಾಕ್ಟರು ಮೊದಲೇ ಹೇಳಿದ್ದರು.

ಆರು ವರ್ಷದ ಹಿಂದೆ ನಮ್ಮ ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ ಇತ್ತು; ಅಡುಗೆಯೆಲ್ಲ ಅದರ ಉರಿಯಲ್ಲೇ. ಮೇವಿನ ಹೊಲ ಸೈಟುಗಳಾಗಿ, ಹಸುಗಳು ಎರಡಕ್ಕಿಳಿದಾಗ ಸಗಣಿ ಸಾಲದೆ ಉರಿ ಕುಗ್ಗಿತು; ಅಣ್ಣಮ್ಮ ಕೆಮ್ಮುತ್ತ ಸೌದೆ ಒಲೆ ಹಚ್ಚತೊಡಗಿದಳು. ಕೆಂಪರಾಜ್ ಕಕ್ಕಸಿನ ಕೊಳವೆಯನ್ನೂ ಗುಂಡಿಗೆ ಸೇರಿಸಿದ. ಉರಿ ನೀಲಿಯಾಗಿ ಎದ್ದಿತು. ನನಗೆ ಹೇಸಿಗೆಯಾಯಿತು.

"ಶ್ರಾವಣದ ಶನಿವಾರ ಆ ಉರೀಲಿ ದೇವ್ರಿಗೆ ಎಡೆ ಮಾಡ್ತೀಯಾ? ಥೂ!" ಎಂದು ಅಣ್ಣಮ್ಮನಿಗೆ ಅಂದೆ.

"ಬೆಂಕಿಗೇನ್ರೀ ಮೈಲಿಗೆ? ನನ್ ಕೆಮ್ಮು ನಿಂತೈತೆ. ನಿಮ್ ದೇವ್ರೇನು ಮೂಗು ಹಿಡ್ಕೊಂಡು ಕೂತವ್ನಾ?" ಎಂದಳು.

ಮರುದಿನವೇ ಆಳು ಕರೆಸಿ ಗುಂಡಿಯನ್ನು ಮುಚ್ಚಿಸಿದೆ. ಅವಳು ಮತ್ತೆ ಆರು ವರ್ಷ ಸೌದೆ ಒಲೆ ಊದಿದಳು. ಕೆಮ್ಮುತ್ತ ಕೆಮ್ಮುತ್ತ ಅವಳು ಬೇಯಿಸಿದ ಅನ್ನವನ್ನು ನಾನು ಮಡಿಯುಟ್ಟು ದೇವರ ಮುಂದಿಟ್ಟೆ. ಆ ಮಡಿಯನ್ನು ನೆನೆದರೆ ಈಗ ಬರುವಷ್ಟು ಹೇಸಿಗೆ ನನಗೆ ಆ ಗುಂಡಿಯ ಮೇಲೂ ಬಂದಿರಲಿಲ್ಲ.

ತಂದೆ ವೆಂಕಟರಮಣ, ನನ್ನನ್ನು ಏನು ಬೇಕಾದರೂ ಮಾಡು. ಅವಳ ಆತ್ಮಕ್ಕೆ ಮಾತ್ರ ಶಾಂತಿ ಕೊಡು.